ಎಲ್ಬ್ರುಸ್ ಆರೋಹಣ: ಮಾರ್ಗದರ್ಶಕರಿದ್ದರೆ ಅನುಭವವಿಲ್ಲದವರೂ ಹೋಗಬಹುದೇ?

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ; ನನ್ನ ತಮ್ಮ ಗದಗದಲ್ಲಿ ಮುದ್ರಣಾಲಯ ನಡೆಸುತ್ತಾನೆ. ಬೆಟ್ಟ ಹತ್ತುವ ಹವ್ಯಾಸ ಇಬ್ಬರಿಗೂ ಮೊದಲಿನಿಂದ ಇದೆ. ಸಹ್ಯಾದ್ರಿಯ ಹಾದಿಗಳಲ್ಲದೆ ಹಿಮಾಲಯದಲ್ಲಿ ಕೇದಾರಕಂಠ ಮತ್ತು ಹಂಪ್ತಾ ಪಾಸ್ ಚಾರಣಗಳನ್ನು ಮುಗಿಸಿದ್ದೇವೆ. ಬರುವ ವರ್ಷದ ಜುಲೈ ಅಥವಾ ಆಗಸ್ಟಿನಲ್ಲಿ ರಷ್ಯಾದ ಕಾಕಸಸ್ ಶ್ರೇಣಿಯಲ್ಲಿರುವ ಎಲ್ಬ್ರುಸ್ ಶಿಖರವನ್ನು ಮಾರ್ಗದರ್ಶಕರ ಜೊತೆ ಹತ್ತಬೇಕೆಂದು ಯೋಚಿಸುತ್ತಿದ್ದೇವೆ. ಜ್ವಾಲಾಮುಖಿಯನ್ನೂ ಹಿಮನದಿಯನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುತ್ತ ಬಂದಿರುವ ನನಗೆ, ಅವೆರಡೂ ಒಂದೇ ಪರ್ವತದಲ್ಲಿ ಕೂಡಿರುವುದನ್ನು ಅದರ ಮೇಲೆ ನಡೆದು ನೋಡಬೇಕೆಂಬ ಆಸೆ ಬಹಳವಾಗಿದೆ.

ನಾವು ವಿಚಾರಿಸಿದ ಸಂಸ್ಥೆಗಳಲ್ಲಿ ಒಂದು, "ಇದಕ್ಕೆ ಪರ್ವತಾರೋಹಣದ ಅನುಭವವೇನೂ ಬೇಕಿಲ್ಲ, ಎಲ್ಲವನ್ನೂ ಗೈಡ್ ನೋಡಿಕೊಳ್ಳುತ್ತಾರೆ" ಎಂದು ಉತ್ತರಿಸಿದೆ. ಇನ್ನೊಂದು ಸಂಸ್ಥೆ, ಶಿಖರಕ್ಕೆ ಹೊರಡುವ ಮೊದಲು ಹಿಮದ ಮೇಲೆ ತರಬೇತಿ ಕಡ್ಡಾಯವೆಂದೂ, ಹವಾಮಾನಕ್ಕಾಗಿ ಹೆಚ್ಚುವರಿ ದಿನಗಳನ್ನು ಇಟ್ಟುಕೊಳ್ಳಬೇಕೆಂದೂ ಹೇಳಿ ಅದಕ್ಕೆ ತಕ್ಕಂತೆ ಹೆಚ್ಚು ಹಣ ಕೇಳುತ್ತಿದೆ. ಹಿಮದಲ್ಲಿ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳುಗಳಾದ ಕ್ರಾಂಪಾನ್ ಕಟ್ಟಿಕೊಂಡು ನಡೆದ ಅನುಭವ ನಮಗಿಲ್ಲ. ಸಮುದ್ರಮಟ್ಟದಿಂದ ಏಳುನೂರು ಮೀಟರಿನಷ್ಟೂ ಎತ್ತರವಿಲ್ಲದ, ಹಿಮವನ್ನೇ ಕಾಣದ ಈ ಊರಿನಲ್ಲಿದ್ದುಕೊಂಡು ದೇಹವನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದೂ ತಿಳಿಯುತ್ತಿಲ್ಲ. ತಮ್ಮನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಈಗ ಧೂಳು ಹೆಚ್ಚಾದಾಗ ಮಾತ್ರ ಕಾಣಿಸುತ್ತದೆ. ನಮ್ಮ ಅವ್ವನ ಚಿಂತೆಯೆಲ್ಲ ಅದರದ್ದೇ. ಹೋಗಿ ಬಂದವರು ಮತ್ತು ವೈದ್ಯರು ದಯವಿಟ್ಟು ತಿಳಿಸಬೇಕು.

ಉತ್ತರ: ಸಪ್ತಾಪುರ, ಧಾರವಾಡ

ಮೇಡಂ, "ಅನುಭವ ಬೇಕಿಲ್ಲ" ಎಂಬ ಮಾತು ಆ ಸಂಸ್ಥೆಯ ವ್ಯಾಪಾರಕ್ಕೆ ಅನುಕೂಲವಾದೀತೇ ಹೊರತು ತಮ್ಮ ಸುರಕ್ಷತೆಗೆ ಅಲ್ಲ. ನಾನು ದಕ್ಷಿಣದ ಹಾದಿಯಿಂದ ಎಲ್ಬ್ರುಸ್ ಹತ್ತಿದವನು. ಆ ಹಾದಿಯ ಸ್ವರೂಪವನ್ನು ಮೊದಲು ವಿವರಿಸಿದರೆ, ಗೈಡ್ ಏನನ್ನು ನೋಡಿಕೊಳ್ಳಬಲ್ಲರು, ಏನನ್ನು ನೋಡಿಕೊಳ್ಳಲಾರರು ಎಂಬುದು ಸ್ಪಷ್ಟವಾಗುತ್ತದೆ.

ಎಲ್ಬ್ರುಸ್‌ಗೆ ಎರಡು ಶಿಖರಗಳಿವೆ. ಪಶ್ಚಿಮದ್ದು 5642 ಮೀಟರ್, ಪೂರ್ವದ್ದು 5621 ಮೀಟರ್. ಸುಮಾರು ಎರಡು ಸಾವಿರ ವರ್ಷಗಳಿಂದ ಉಕ್ಕದೆ ಮಲಗಿರುವ ಈ ಜ್ವಾಲಾಮುಖಿಯ ಇಳಿಜಾರುಗಳನ್ನೆಲ್ಲ ಹಿಮನದಿಗಳು ಆವರಿಸಿದ್ದು, ಬಕ್ಸಾನ್, ಮಾಲ್ಕಾ, ಕುಬಾನ್ ನದಿಗಳು ಅವುಗಳ ನೀರಿನಿಂದಲೇ ಹುಟ್ಟುತ್ತವೆ. ದಕ್ಷಿಣದ ಬುಡದಲ್ಲಿರುವ ಅಜಾವು 2350 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೂರು ಹಂತಗಳ ಕೇಬಲ್ ಕಾರ್ ತಮ್ಮನ್ನು 3847 ಮೀಟರ್ ಎತ್ತರದ ಗರಾಬಶಿ ನಿಲ್ದಾಣಕ್ಕೆ, ಒಂದು ಹೆಜ್ಜೆಯನ್ನೂ ನಡೆಸದೆ, ತಲುಪಿಸುತ್ತದೆ. ಅಂದರೆ ಕೇದಾರಕಂಠದ ತುದಿಯಷ್ಟು ಎತ್ತರ ಅಲ್ಲಿ ಟಿಕೆಟ್ ತೆಗೆದುಕೊಂಡವರೆಲ್ಲರಿಗೂ ಸಿಗುತ್ತದೆ. ಈ ಪರ್ವತ ಸುಲಭವೆಂಬ ಭಾವನೆ ಹುಟ್ಟುವುದೂ, ಜನ ತಪ್ಪು ಲೆಕ್ಕ ಹಾಕುವುದೂ ಅಲ್ಲಿಯೇ. ದೇಹ ಕೇಬಲ್ ಕಾರಿನ ವೇಗದಲ್ಲಿ ಎತ್ತರಕ್ಕೆ ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಒಳ್ಳೆಯ ಮಾರ್ಗದರ್ಶಕರು ಮೊದಲ ಕೆಲವು ದಿನ ಕಣಿವೆಯ ತೆರ್ಸ್ಕೋಲ್ ಅಥವಾ ಅಜಾವಿನಲ್ಲೇ ವಾಸ್ತವ್ಯವಿರಿಸಿ, ಎದುರಿನ ಚೆಗೆತ್ ಬೆಟ್ಟದ ಇಳಿಜಾರುಗಳಲ್ಲಿ ಮೂರು ಸಾವಿರ ಮೀಟರಿನ ಮೇಲಕ್ಕೆ ನಡೆಸಿ, ಮತ್ತೆ ಕೆಳಗೆ ಕರೆತಂದು ಮಲಗಿಸುತ್ತಾರೆ. ಆನಂತರವೇ ಗರಾಬಶಿಯ ಸುತ್ತಲಿನ ಬಿಡಾರಗಳಿಗೆ ಹೋಗಬೇಕು. ಅಲ್ಲಿಂದಲೂ ಒಂದು ದಿನ 4600 ಮೀಟರಿನ ಆಸುಪಾಸಿನಲ್ಲಿರುವ ಪಸ್ತುಖೋವ್ ಬಂಡೆಗಳವರೆಗೆ ಹತ್ತಿ ಇಳಿದು, ಮರುದಿನ ವಿಶ್ರಾಂತಿ ಪಡೆದು, ಆಮೇಲೆ ಶಿಖರಕ್ಕೆ ಹೊರಡಬೇಕು.

ಶಿಖರದ ದಿನ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಒಂದರಿಂದ ಮೂರು ಗಂಟೆಯ ನಡುವೆ. ಬಿಡಾರದಿಂದಲೇ ನಡೆದರೆ ಏರಬೇಕಾದದ್ದು ಸುಮಾರು 1800 ಮೀಟರ್. ಪಸ್ತುಖೋವ್ ಬಂಡೆಗಳ ಮೇಲೆ ಇಳಿಜಾರು ಕಡಿದಾಗುತ್ತ ಹೋಗುತ್ತದೆ. ಬಳಿಕ ಹಾದಿ ಎಡಕ್ಕೆ ತಿರುಗಿ, ಪೂರ್ವ ಶಿಖರದ ಕೆಳಗೆ ಉದ್ದಕ್ಕೂ ಓರೆಯಾಗಿ ಸಾಗಿ, ಎರಡು ಶಿಖರಗಳ ನಡುವಿನ ತಗ್ಗನ್ನು ಸೇರುತ್ತದೆ. ಆ ತಗ್ಗೇ 5300 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮ ಶಿಖರಕ್ಕೆ ಕೊನೆಯ ಕಡಿದಾದ ಏರು, ಸಾಮಾನ್ಯವಾಗಿ ಹಗ್ಗ ಕಟ್ಟಿರುತ್ತಾರೆ. ಅದು ಮುಗಿದರೆ ಬಹುಮಟ್ಟಿಗೆ ಸಮತಟ್ಟಾದ ಹಿಮದ ಬಯಲು, ಅದರಾಚೆ ತುದಿ. ಬಂಡೆಗೆ ಕೈಯಿಟ್ಟು ಹತ್ತುವ ಕೆಲಸ ಎಲ್ಲಿಯೂ ಇಲ್ಲ. ಆದರೆ ಮೊದಲು ಹೇಳಿದ ಆ ಓರೆ ಹಾದಿಯಲ್ಲಿ ಹಿಮ ಗಟ್ಟಿಯಾಗಿ ಮಂಜುಗಡ್ಡೆಯಾಗಿದ್ದಾಗ ಕಾಲು ಜಾರಿದರೆ, ಕೆಳಗಿನ ಇಳಿಜಾರು ಹೋಗಿ ನಿಲ್ಲುವುದು ಹಿಮಬಿರುಕುಗಳ ಪ್ರದೇಶದಲ್ಲಿ. ಜಾರಿದ ಮೊದಲ ಒಂದೆರಡು ಕ್ಷಣಗಳಲ್ಲಿಯೇ ಐಸ್ ಆಕ್ಸಿನ, ಅಂದರೆ ಕೈಯಲ್ಲಿ ಹಿಡಿಯುವ ಹಿಮಗೊಡಲಿಯ, ಮೂತಿಯನ್ನು ಹಿಮಕ್ಕೆ ಊರಿ, ಅದರ ಮೇಲೆ ಮೈಭಾರ ಹಾಕಿ ನಿಲ್ಲಬೇಕು. ಆ ಹೊತ್ತಿನಲ್ಲಿ ಗೈಡ್ ಎಷ್ಟೇ ಸಮರ್ಥರಿದ್ದರೂ ತಮ್ಮ ಕೈಗಳ ಕೆಲಸವನ್ನು ಅವರು ಮಾಡಲಾರರು. ಒಂದು ಇಡೀ ದಿನ ಸುರಕ್ಷಿತ ಇಳಿಜಾರಿನಲ್ಲಿ ಬೇಕೆಂದೇ ಜಾರಿ, ಹೊಟ್ಟೆ ಮೇಲಾಗಿ, ಬೆನ್ನು ಮೇಲಾಗಿ, ತಲೆ ಕೆಳಗಾಗಿ, ಎಲ್ಲ ಬಗೆಯಿಂದಲೂ ನಿಲ್ಲಲು ಅಭ್ಯಾಸ ಮಾಡಿದ ಮೇಲೆಯೇ ಅದು ಮೈಗೆ ಹತ್ತುತ್ತದೆ. ಆದುದರಿಂದ ತರಬೇತಿ ಕಡ್ಡಾಯವೆಂದ ಸಂಸ್ಥೆಯ ಮಾತನ್ನೇ ನಾನು ನಂಬುತ್ತೇನೆ.

ಇನ್ನು ಹವಾಮಾನ. ಈ ಪರ್ವತದಲ್ಲಿ ಚೂಪಾದ ಏಣುಗಳಿಲ್ಲ; ಎಲ್ಲ ಕಡೆ ಅಗಲವಾದ, ಒಂದೇ ಬಗೆಯ ಬಿಳಿಯ ಇಳಿಜಾರು. ಮೋಡ ಕವಿದು ಹಿಮಗಾಳಿ ಎದ್ದರೆ ಹೆಜ್ಜೆಯ ಗುರುತುಗಳು ಕೆಲವೇ ನಿಮಿಷಗಳಲ್ಲಿ ಮುಚ್ಚಿಹೋಗುತ್ತವೆ, ಹಾದಿ ಬಿಟ್ಟವರು ಪಕ್ಕದ ಬಿರುಕುಗಳ ಕಡೆಗೆ ಹೋಗಿಬಿಡುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಗೈಡ್‌ಗಳೊಂದಿಗೇ ಹೋಗಿದ್ದ ದೊಡ್ಡ ಗುಂಪೊಂದು ಐದು ಸಾವಿರ ಮೀಟರಿನ ಮೇಲೆ ಬಿರುಗಾಳಿಗೆ ಸಿಕ್ಕು ಅದರಲ್ಲಿ 5 ಜನ ಪ್ರಾಣ ಕಳೆದುಕೊಂಡರು. ಗೈಡ್ ಇದ್ದಾರೆಂಬುದೇ ರಕ್ಷಣೆಯಾಗುವುದಿಲ್ಲ. ಅವರು ಹಿಂದಿರುಗಿ ಎಂದ ಕೂಡಲೇ ಹಿಂದಿರುಗುವಂಥ ಗುಂಪು ಇರಬೇಕು, ಹಾಗೆ ಹೇಳುವ ಸ್ವಾತಂತ್ರ್ಯವನ್ನು ಸಂಸ್ಥೆ ಗೈಡ್‌ಗೆ ಕೊಟ್ಟಿರಬೇಕು.

ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. 1829ರಲ್ಲಿ ಜನರಲ್ ಎಮ್ಯಾನುಯೆಲ್ ನೇತೃತ್ವದ ರಷ್ಯನ್ ತಂಡವೊಂದು ವಿಜ್ಞಾನಿಗಳನ್ನು ಕರೆದುಕೊಂಡು ಉತ್ತರದ ಕಡೆಯಿಂದ ಈ ಪರ್ವತಕ್ಕೆ ಬಂದಿತು. ಮೆತ್ತಗಾದ ಹಿಮದಲ್ಲಿ ಸೋತ ವಿಜ್ಞಾನಿಗಳು ಹಿಂದಿರುಗಿದರು. ಪೂರ್ವ ಶಿಖರವನ್ನು ಮುಟ್ಟಿದ್ದು ತಂಡಕ್ಕೆ ದಾರಿ ತೋರಿಸಲು ಬಂದಿದ್ದ ಸ್ಥಳೀಯ, ಕಿಲಾರ್ ಖಾಶಿರೋವ್. ಪಶ್ಚಿಮದ ಎತ್ತರದ ಶಿಖರವನ್ನು 1874ರಲ್ಲಿ ಮೂವರು ಇಂಗ್ಲಿಷರು ಹತ್ತಿದಾಗಲೂ ಜೊತೆಗಿದ್ದವನು ಸ್ವಿಸ್ ಗೈಡ್ ಪೀಟರ್ ಕ್ನುಬೆಲ್. ಈ ಪರ್ವತ ಮೊದಲಿನಿಂದಲೂ ಗೈಡ್‌ಗಳಿಗೆ ಸೇರಿದ್ದು ಎಂದೇ ನಾನು ಭಾವಿಸಿದ್ದೇನೆ, ಮತ್ತು ಅಂಥವರನ್ನು ಸಾಮಾನು ಹೊರುವ ಆಳಿನಂತೆ ಕಾಣುವ ನಮ್ಮವರ ಅಭ್ಯಾಸ ನನಗೆ ನೋವು ತರುತ್ತದೆ.

ಸಂಸ್ಥೆಯನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು, ಶಿಖರದ ದಿನ ಒಬ್ಬ ಗೈಡ್‌ಗೆ ಎಷ್ಟು ಜನ ಎಂಬುದನ್ನು. ಮೂರು ಅಥವಾ ನಾಲ್ಕು ಜನಕ್ಕೊಬ್ಬರು ಎಂದರೆ ಸರಿ. ಅದಕ್ಕಿಂತ ಹೆಚ್ಚಾದರೆ ಬಿಡಿ. ಗೈಡ್‌ಗಳ ತರಬೇತಿಯ ಪ್ರಮಾಣಪತ್ರ ಯಾವುದು, ಅವರಿಗೆ ತಮಗೆ ಅರ್ಥವಾಗುವಷ್ಟು ಇಂಗ್ಲಿಷ್ ಬರುತ್ತದೆಯೇ, ಗುಂಪಿನ ಹೆಸರುಗಳನ್ನು ರಷ್ಯಾದ ತುರ್ತು ರಕ್ಷಣಾ ಇಲಾಖೆಯಲ್ಲಿ ನೋಂದಾಯಿಸುತ್ತಾರೆಯೇ, ಹಿಂದಿರುಗುವ ಗಂಟೆಯನ್ನು ಮೊದಲೇ ನಿಗದಿಪಡಿಸುತ್ತಾರೆಯೇ, ಇವನ್ನೂ ವಿಚಾರಿಸಿ. ತುದಿ ಕಣ್ಣೆದುರಿಗಿದ್ದರೂ ಮಧ್ಯಾಹ್ನದ ಆ ಗಂಟೆ ಬಂದರೆ ತಿರುಗಿ ಬರಬೇಕು, ಏಕೆಂದರೆ ಅಲ್ಲಿ ಮೋಡಗಳು ಮಧ್ಯಾಹ್ನದ ಮೇಲೆ ಕೂಡುವುದೇ ಹೆಚ್ಚು.

ಉತ್ತರ: ವೈದ್ಯ, ಕೇಶ್ವಾಪುರ, ಹುಬ್ಬಳ್ಳಿ

ಧಾರವಾಡದವರು ಬರೆದಿರುವುದು ಸಮರ್ಪಕವಾಗಿದೆ. ಆರೋಗ್ಯದ ಭಾಗವನ್ನು ನಾನು ಸೇರಿಸುತ್ತೇನೆ.

ಎತ್ತರದಲ್ಲಿಯೂ ಗಾಳಿಯ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ ಇರುತ್ತದೆ, ಕಡಿಮೆಯಾಗುವುದು ಒತ್ತಡ. ಸುಮಾರು 5500 ಮೀಟರಿನಲ್ಲಿ ಆ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ, ಹೀಗಾಗಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕವೂ ಅರ್ಧವಾಗುತ್ತದೆ. ದೇಹ ಮೊದಲು ಉಸಿರಾಟವನ್ನೂ ನಾಡಿಬಡಿತವನ್ನೂ ಹೆಚ್ಚಿಸಿಕೊಂಡು, ಆಮೇಲೆ ನಿಧಾನವಾಗಿ ರಕ್ತದಲ್ಲಿ ಬದಲಾವಣೆ ಮಾಡಿಕೊಂಡು ಹೊಂದಿಕೊಳ್ಳುತ್ತದೆ. ಮೂರು ಸಾವಿರ ಮೀಟರಿನ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ ಐದುನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ಮೇಲೇರದೆ ನಿಲ್ಲಬೇಕು ಎಂಬುದು ಸರ್ವಸಮ್ಮತವಾದ ನಿಯಮ. ಅಜಾವಿನಿಂದ ಗರಾಬಶಿಗೆ ಒಂದೇ ದಿನದಲ್ಲಿ ಹೋಗಿ ಮಲಗುವುದು ಈ ನಿಯಮವನ್ನು ಮೀರುತ್ತದೆ. ಅದಕ್ಕಾಗಿಯೇ ಕಣಿವೆಯಲ್ಲಿ ಕಳೆಯುವ ಆ ಮೊದಲ ದಿನಗಳನ್ನು ಹಣದ ಲೆಕ್ಕದಲ್ಲಿ ಕತ್ತರಿಸಬೇಡಿ.

ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡವೆನಿಸುವುದು, ನಿದ್ರೆ ಹತ್ತದಿರುವುದು ಆರಂಭದ ಲಕ್ಷಣಗಳು. ಇವು ಕಂಡಾಗ ಅದೇ ಎತ್ತರದಲ್ಲಿ ನಿಲ್ಲಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಮಾತು ತೊದಲುವುದು, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಬಾರದಿರುವುದು ಮೆದುಳಿನಲ್ಲಿ ಊತವಾಗುತ್ತಿರುವುದರ ಸೂಚನೆ. ಕುಳಿತಲ್ಲಿಯೂ ಏದುಸಿರು, ಬಿಡದ ಕೆಮ್ಮು, ನೊರೆ ಅಥವಾ ಗುಲಾಬಿ ಬಣ್ಣದ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದರ್ಥ. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಸರಿ, ಆ ಕ್ಷಣವೇ ಇಳಿಸಬೇಕು. ಔಷಧಗಳು ಇಳಿಯಲು ಸಮಯ ದೊರಕಿಸಿಕೊಡುತ್ತವೆಯೇ ಹೊರತು ಇಳಿಯುವುದಕ್ಕೆ ಬದಲಿಯಾಗಲಾರವು.

ಅಸೆಟಜೋಲಮೈಡ್ ಎಂಬ ಮಾತ್ರೆ ಹೊಂದಿಕೊಳ್ಳುವಿಕೆಯನ್ನು ಚುರುಕುಗೊಳಿಸುತ್ತದೆ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಆರಂಭಿಸುತ್ತಾರೆ. ಆದರೆ ಸಲ್ಫಾ ಔಷಧಗಳ ಅಲರ್ಜಿ ಇದ್ದವರು ತಮ್ಮ ವೈದ್ಯರನ್ನು ಕೇಳದೆ ತೆಗೆದುಕೊಳ್ಳಕೂಡದು. ಬೆರಳುಗಳಲ್ಲಿ ಜುಮ್ಮೆನ್ನುವುದು, ಮೂತ್ರ ಹೆಚ್ಚಾಗುವುದು ಅದರ ಸಹಜ ಪರಿಣಾಮಗಳು. ಊರಿನಲ್ಲಿದ್ದಾಗಲೇ ಒಮ್ಮೆ ತೆಗೆದುಕೊಂಡು ನೋಡುವುದು ಒಳ್ಳೆಯದು. ಮೇಡಂ, ತಾವು ಈಗಲೇ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆಯನ್ನು ಪದೇ ಪದೇ ಕಾಣುತ್ತೇನೆ, ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ.

ತಮ್ಮ ಸಹೋದರನ ಉಬ್ಬಸದ ವಿಷಯ. ಹತೋಟಿಯಲ್ಲಿರುವ ಉಬ್ಬಸ ಅಡ್ಡಿಯಾಗಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಸತ್ಯರೂಪ್ ಸಿದ್ಧಾಂತ ಅವರು ಚಿಕ್ಕಂದಿನಿಂದ ಉಬ್ಬಸವಿದ್ದವರು. ಅವರು ಎಲ್ಬ್ರುಸ್ ಸೇರಿದಂತೆ ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನೂ ಅತ್ಯುನ್ನತ ಜ್ವಾಲಾಮುಖಿಗಳನ್ನೂ ಹತ್ತಿ 2019ರ ಜನವರಿಯಲ್ಲಿ ಆ ಸಾಧನೆಯನ್ನು ಪೂರ್ಣಗೊಳಿಸಿದರು. ಎತ್ತರದಲ್ಲಿ ಧೂಳು ಕಡಿಮೆ, ಅದು ಅನುಕೂಲ. ಒಣ ಚಳಿಗಾಳಿ ಮಾತ್ರ ಶ್ವಾಸನಾಳಗಳನ್ನು ಕೆರಳಿಸುತ್ತದೆ. ಅವರು ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಮಾಡಿಸಿಕೊಂಡು, ಮೂಗು-ಬಾಯಿಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ನಡೆಯುವ ಅಭ್ಯಾಸ ಮಾಡಲಿ. ಇನ್ಹೇಲರನ್ನು ಬ್ಯಾಗಿನಲ್ಲಿ ಇಡಬಾರದು. ತಣ್ಣಗಾದರೆ ಅದು ಸರಿಯಾಗಿ ಕೆಲಸ ಮಾಡದು, ಮೈಗೆ ಹತ್ತಿದ ಒಳಜೇಬಿನಲ್ಲಿ ಇರಬೇಕು. ಗೈಡ್‌ಗೆ ಈ ಸಂಗತಿಯನ್ನು ಮೊದಲೇ ತಿಳಿಸಲೇಬೇಕು. ಪ್ರವಾಸ ರದ್ದಾದೀತೆಂದು ಮುಚ್ಚಿಡುವವರನ್ನು ನಾನು ಕಂಡಿದ್ದೇನೆ.

ಉತ್ತರ: ಬೆಟಗೇರಿ, ಗದಗ

ಅಕ್ಕಾವ್ರೇ, ದೇಹದ ತಯಾರಿಯ ಬಗ್ಗೆ ನನ್ನ ಅನುಭವದ ಮಾತನ್ನು ತಿಳಿಸುತ್ತೇನೆ. ನಮ್ಮ ಬಯಲುಸೀಮೆಯಲ್ಲಿ ಎತ್ತರವನ್ನು ಅಭ್ಯಾಸ ಮಾಡಲಾಗದು, ಆದರೆ ಏರನ್ನು ಅಭ್ಯಾಸ ಮಾಡಬಹುದು. ತಮ್ಮ ಮನೆಗೆ ಹತ್ತಿರವಿರುವ ಉಣಕಲ್ಲಿನ ನೃಪತುಂಗ ಬೆಟ್ಟ ಚಿಕ್ಕದು. ಆದರೂ ಹತ್ತು ಕಿಲೋ ಭಾರ ಹೊತ್ತು ಬೆಳಗಿನಲ್ಲಿ ಅದನ್ನೇ ಮತ್ತೆ ಮತ್ತೆ ಹತ್ತಿ ಇಳಿದರೆ ತೊಡೆಗಳು ಗಟ್ಟಿಯಾಗುತ್ತವೆ. ಇಳಿಯುವುದನ್ನು ಬಿಡಬೇಡಿ. ಮೊಣಕಾಲು ಸೋಲುವುದು ಇಳಿಯುವಾಗ, ಮತ್ತು ಪರ್ವತದಲ್ಲಿ ಹೆಚ್ಚಿನ ಅವಘಡಗಳು ನಡೆಯುವುದೂ ಇಳಿಯುವಾಗಲೇ.

ವಾರಕ್ಕೊಮ್ಮೆ ತಮ್ಮನವರು ಮತ್ತು ತಾವು ಕಪ್ಪತಗುಡ್ಡಕ್ಕೆ ಬನ್ನಿ. 2019ರಿಂದ ಅದು ವನ್ಯಜೀವಿಧಾಮವಾಗಿರುವುದರಿಂದ ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೋಗಬೇಕು. ಭೂಗೋಳದವರಾದ ತಮಗೆ ಬೇರೆ ಹೇಳಬೇಕಿಲ್ಲ, ಧಾರವಾಡದ ಹೆಸರಿನಲ್ಲೇ ಕರೆಯಲಾಗುವ ಆ ಪುರಾತನ ಶಿಲಾಸ್ತೋಮದಲ್ಲಿ ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಳೆಯದಾದ ಲಾವಾ, ರೂಪಾಂತರಗೊಂಡು, ನಮ್ಮ ಗದಗದ ಪಟ್ಟಿಯಲ್ಲಿಯೂ ಉಳಿದಿದೆ. ಎಲ್ಬ್ರುಸ್‌ಗೆ ಹೋಲಿಸಿದರೆ ಅದೆಷ್ಟು ಹಿರಿಯದು ಎಂದು ಅಲ್ಲಿ ನಡೆಯುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಆದರೆ ಸಿದ್ಧತೆಯ ನಿಜವಾದ ಅಳತೆಗೋಲು ಕುಮಾರಪರ್ವತ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1712 ಮೀಟರಿನ ಆ ಶಿಖರಕ್ಕೆ ಏರಬೇಕಾದ ಎತ್ತರ ಸುಮಾರು 1600 ಮೀಟರ್. ಎಲ್ಬ್ರುಸ್‌ನ ಶಿಖರದ ದಿನದ ಏರಿಗೆ ಇದು ಬಹಳ ಸಮೀಪ. ಅನುಮತಿ ಪಡೆದು ಮಳೆಗಾಲ ಮುಗಿದ ಮೇಲೆ ಅದನ್ನು ಹತ್ತಿ ಇಳಿಯಿರಿ. ಇಳಿದ ಮರುದಿನ ಮತ್ತೆ ಐದಾರು ಗಂಟೆ ನಡೆಯಲು ಕಾಲುಗಳು ಒಪ್ಪಿದರೆ ತಯಾರಿ ಸರಿಯಾದ ದಾರಿಯಲ್ಲಿದೆ ಎನ್ನಬಹುದು.

ಊಟದ ಚಿಂತೆ ಬೇಡ. ಶೇಂಗಾ, ಬೆಲ್ಲ, ಒಣಹಣ್ಣುಗಳ ಕರದಂಟು ಶಿಖರದ ದಿನಕ್ಕೆ ಬಹಳ ಒಳ್ಳೆಯದು, ಆದರೆ ಚಳಿಗೆ ಕಲ್ಲಾಗುತ್ತದೆ. ಸಣ್ಣ ತುಂಡುಗಳಾಗಿ ಕತ್ತರಿಸಿ ಒಳಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಿನ ಬಲ್ಕಾರ್ ಜನ ಮಾಡುವ ಖಿಚಿನ್, ನಮ್ಮ ಹೋಳಿಗೆಯಂತೆಯೇ ಹೂರಣ ತುಂಬಿ ತಟ್ಟಿದ್ದು, ಆಲೂಗಡ್ಡೆ ಮತ್ತು ಚೀಸ್ ತುಂಬಿದ ಬಗೆ ಸಸ್ಯಾಹಾರಿಗಳಿಗೆ ಒಪ್ಪುತ್ತದೆ. ಮಾಂಸ ತುಂಬಿದ್ದೂ ಇರುವುದರಿಂದ ಕೇಳಿ ತೆಗೆದುಕೊಳ್ಳಿ.

ಉತ್ತರ: ನಿವೃತ್ತ ದೈಹಿಕ ಶಿಕ್ಷಕಿ, ರಾಣೆಬೆನ್ನೂರು

ತಂಗಿ, ನಿನ್ನ ಪ್ರಶ್ನೆ ಓದಿ ಸಂತೋಷವಾಯಿತು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ನಾನು ಬೇಸಿಕ್ ಕೋರ್ಸ್ ಮಾಡಿದ ಕಾಲದಲ್ಲಿ ನಮ್ಮ ಜಿಲ್ಲೆಯಿಂದ ಹೆಣ್ಣುಮಕ್ಕಳು ಅಂಥದ್ದಕ್ಕೆ ಹೋಗುವುದೇ ಅಪರೂಪವಾಗಿತ್ತು. ಮೇಲಿನವರೆಲ್ಲ ಒಳ್ಳೆಯ ಮಾತನ್ನೇ ಹೇಳಿದ್ದಾರೆ, ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಇದೆ. ಅಲ್ಲಿಗೆ ಹೋಗಿ ಒಂದು ದಿನ ಹಿಮದ ತರಬೇತಿ ಪಡೆದು, ಎರಡು-ಮೂರು ದಿನಗಳ ಬಳಿಕ ಅದೇ ಕೈಗಳಿಂದ ಪ್ರಾಣ ಉಳಿಸಿಕೊಳ್ಳಬೇಕೆಂಬ ವ್ಯವಸ್ಥೆ ನನಗೆ ಸಾಲದೆನಿಸುತ್ತದೆ. ಹೊಸದಾಗಿ ಕಲಿತದ್ದು ಆಯಾಸ ಮತ್ತು ಚಳಿಯಲ್ಲಿ ಮೊದಲು ಮರೆತುಹೋಗುತ್ತದೆ.

ವಯಸ್ಸು ಮತ್ತು ರಜೆ ಅವಕಾಶ ಕೊಟ್ಟರೆ ಉತ್ತರಕಾಶಿ, ಡಾರ್ಜಿಲಿಂಗ್ ಅಥವಾ ಮನಾಲಿಯ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡು. ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯೋಮಿತಿಯೂ ಇದೆ, ಮೊದಲೇ ಹೆಸರು ಕೊಡಬೇಕು. ಅದು ಆಗದಿದ್ದರೆ ಮನಾಲಿಯ ಬಳಿ, ಸೋಲಂಗ್ ಕಣಿವೆಯಿಂದ ಹೋಗುವ 5289 ಮೀಟರಿನ ಫ್ರೆಂಡ್‌ಶಿಪ್ ಪೀಕ್ ಅನ್ನು ಕಲಿಸುವ ಮನಸ್ಸಿರುವ ಗೈಡ್ ಒಬ್ಬರ ಜೊತೆ ಪ್ರಯತ್ನಿಸು. ಅಲ್ಲಿ ಕ್ರಾಂಪಾನ್, ಹಾರ್ನೆಸ್ (ಹಗ್ಗ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಪಟ್ಟಿ), ಹಗ್ಗ ಎಲ್ಲವನ್ನೂ ಬಳಸಬೇಕಾಗುತ್ತದೆ, ಎತ್ತರವನ್ನು ಕಾಲಿನಿಂದಲೇ ಗಳಿಸಬೇಕಾಗುತ್ತದೆ. ತುದಿ ಮುಟ್ಟದಿದ್ದರೂ ಪರವಾಗಿಲ್ಲ. ಐದು ಸಾವಿರ ಮೀಟರಿನಲ್ಲಿ ನಿನ್ನ ದೇಹ ಹೇಗೆ ವರ್ತಿಸುತ್ತದೆ ಎಂಬುದು ನಿನಗೂ ತಿಳಿಯುತ್ತದೆ, ನಿನ್ನ ಮುಂದಿನ ಗೈಡ್‌ಗೂ ತಿಳಿಸಲು ಬರುತ್ತದೆ.

ಎಲ್ಬ್ರುಸ್‌ನಲ್ಲಿ ರಾಟ್ರಾಕ್ ಎಂಬ ಹಿಮದ ಮೇಲೆ ಓಡುವ ವಾಹನ ಹಣ ಪಡೆದು ಜನರನ್ನು ಐದು ಸಾವಿರ ಮೀಟರಿನ ಹತ್ತಿರದವರೆಗೂ ಒಯ್ದು ಬಿಡುತ್ತದೆ. ಇದರ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ಮನಸ್ಸಿಗೆ ಅದು ಒಪ್ಪುವುದಿಲ್ಲ. ಕೆಳಗಿನಿಂದ ನಡೆದವನಿಗೆ ಶಕ್ತಿ ಸಾಲದಿದ್ದರೆ 4500 ಮೀಟರಿನಲ್ಲೇ ಗೊತ್ತಾಗುತ್ತದೆ, ಅಲ್ಲಿಂದ ಬಿಡಾರ ಹತ್ತಿರ. ವಾಹನದಲ್ಲಿ ಹೋದವನಿಗೆ ಅದೇ ಸಂಗತಿ 5400 ಮೀಟರಿನಲ್ಲಿ ಗೊತ್ತಾಗುತ್ತದೆ, ಅಲ್ಲಿಂದ ಎಲ್ಲವೂ ದೂರ. ಧಾರವಾಡದವರು ಇದಕ್ಕೆ ಏನೆನ್ನುತ್ತಾರೋ ತಿಳಿಯಬೇಕು.

ವಿಮೆಯ ಪತ್ರವನ್ನು ಪೂರ್ತಿ ಓದು. ಸಾಮಾನ್ಯ ಪ್ರವಾಸ ವಿಮೆ ಹಗ್ಗ-ಕ್ರಾಂಪಾನ್ ಬಳಸುವ ಆರೋಹಣವನ್ನು ಹೊರಗಿಟ್ಟಿರುತ್ತದೆ; ಪರ್ವತಾರೋಹಣಕ್ಕೆ ಅನ್ವಯಿಸುತ್ತದೆಯೇ, ಎಷ್ಟು ಮೀಟರಿನವರೆಗೆ, ಆ ದೇಶದಲ್ಲಿ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳು. 2022ರ ಮಾರ್ಚಿನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ರಷ್ಯಾದಲ್ಲಿ ನಡೆಯುವುದಿಲ್ಲ, ಆದ್ದರಿಂದ ನಗದು ಒಯ್ಯಬೇಕು.

ಪ್ರಶ್ನೆ ಕೇಳಿದವರಿಂದ: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಮಾತುಗಳನ್ನು ಅವ್ವನಿಗೂ ತಮ್ಮನಿಗೂ ಓದಿ ಹೇಳಿದೆ. ಮೊದಲು ಫ್ರೆಂಡ್‌ಶಿಪ್ ಪೀಕ್‌ಗೆ ಹೋಗುವುದು, ಅದು ಸರಿಹೋದರೆ ಮಾತ್ರ ಎಲ್ಬ್ರುಸ್‌ಗೆ ಹಣ ಕಟ್ಟುವುದು ಎಂದು ಮೂವರೂ ಒಪ್ಪಿಕೊಂಡಿದ್ದೇವೆ. ಪರೀಕ್ಷೆಗಳಿಗೆ ಈ ವಾರವೇ ಹೋಗುತ್ತೇವೆ.

ಒಂದು ಸಂದೇಹ ಉಳಿದಿದೆ. ಅವ್ವ ಕೇಳಿದ ಪ್ರಶ್ನೆಯದು, ನನಗೆ ಉತ್ತರಿಸಲಾಗಲಿಲ್ಲ. ನಾವಿಬ್ಬರೂ ಸೇರಿ ಒಬ್ಬ ಗೈಡ್ ಅನ್ನು ನಮಗಾಗಿಯೇ ಗೊತ್ತುಮಾಡಿಕೊಂಡು ಹೋದಾಗ, ಮೇಲೆ ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಏನು ಮಾಡಬೇಕು?

ಉತ್ತರ: ಸಪ್ತಾಪುರ, ಧಾರವಾಡ

ತಮ್ಮ ತಾಯಿಯವರು ಕೇಳಿದ್ದು ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಒಬ್ಬರೇ ಗೈಡ್ ಇದ್ದರೆ ಮೂವರೂ ಇಳಿಯಬೇಕು. ಆಗದವರನ್ನು ಒಂಟಿಯಾಗಿ ಕೆಳಗೆ ಕಳುಹಿಸುವುದಾಗಲಿ, "ನಾವು ಬರುವವರೆಗೆ ಇಲ್ಲಿ ಕುಳಿತಿರು" ಎಂದು ಹಿಮದಲ್ಲಿ ಬಿಟ್ಟುಹೋಗುವುದಾಗಲಿ, ಇಳಿಯುವಾಗ ಇನ್ನೊಂದು ಗುಂಪಿನವರ ಕೈಗೆ ಒಪ್ಪಿಸುವುದಾಗಲಿ ಕೂಡದು. ಇದಕ್ಕೆ ಒಪ್ಪುವ ಗೈಡ್ ಇದ್ದರೆ ಅವರೊಂದಿಗೆ ಹೋಗಲೇಬೇಡಿ.

ನಮ್ಮ ಗುಂಪಿನಲ್ಲಿದ್ದ ಒಬ್ಬ ತರುಣ ಪಸ್ತುಖೋವ್ ಬಂಡೆಗಳ ಬಳಿ ಸಡಿಲವಾದ ಕ್ರಾಂಪಾನ್ ಪಟ್ಟಿಯನ್ನು ಕಟ್ಟಿಕೊಳ್ಳಲು ಕೂತವನು ಕಟ್ಟಲಾಗದೆ ಅದನ್ನೇ ನೋಡುತ್ತ ಕೂತ. ಚಳಿಗೆ ಕೈ ಮರಗಟ್ಟಿದೆ ಎಂದು ನಾವೆಲ್ಲ ಭಾವಿಸಿದೆವು. ಹಿರಿಯ ಗೈಡ್ ಅವನ ಹತ್ತಿರ ಹೋಗಿ ಅವನ ಊರು, ಅಂದಿನ ವಾರ ಕೇಳಿದರು. ಉತ್ತರಗಳು ತಡವಾಗಿ ಬಂದವು. ಅಲ್ಲಿಂದಲೇ ಅವನನ್ನು ಇಳಿಸಲು ಎರಡನೆಯ ಗೈಡ್ ಅನ್ನು ಕಳುಹಿಸಿದರು, ಉಳಿದವರನ್ನು ತಾವು ಮುಂದೆ ಕರೆದೊಯ್ದರು. ಬಿಡಾರ ಸೇರುವ ಹೊತ್ತಿಗೆ ಅವನು ಬಹಳಷ್ಟು ಸುಧಾರಿಸಿದ್ದನೆಂದು ಆಮೇಲೆ ತಿಳಿಯಿತು. ಎರಡನೆಯ ಗೈಡ್ ಇಲ್ಲದಿದ್ದರೆ ನಾವೆಲ್ಲರೂ ಹಿಂದಿರುಗಬೇಕಾಗಿತ್ತು, ಅಥವಾ ಹಾಗೆ ಹಿಂದಿರುಗಲು ಮನಸ್ಸಿಲ್ಲದ ಕೆಲವರು ಆ ತರುಣನಿಗೆ ಏನೂ ಆಗಿಲ್ಲವೆಂದು ವಾದಿಸುತ್ತಿದ್ದರು. ಆದುದರಿಂದ ಇಬ್ಬರಿಗೆ ಒಬ್ಬ ಗೈಡ್ ಎಂಬುದಕ್ಕಿಂತ, ಆರೇಳು ಜನರ ಗುಂಪು ಮತ್ತು ಇಬ್ಬರು ಅಥವಾ ಮೂವರು ಗೈಡ್‌ಗಳು ಎಂಬ ಏರ್ಪಾಡು ತಮ್ಮಿಬ್ಬರಿಗೆ ಹೆಚ್ಚು ಸೂಕ್ತ.

ಅಕ್ಕ-ತಮ್ಮಂದಿರು ಕೂಡಿ ಹೋಗುವಾಗ ಇನ್ನೊಂದು ಎಚ್ಚರ ಬೇಕು. ತನ್ನಿಂದಾಗಿ ಅಕ್ಕನ ಆಸೆ ಕೆಡಬಾರದೆಂದು ತಮ್ಮ ಉಬ್ಬಸವನ್ನು ಹೇಳದೆ ನುಂಗಿಕೊಳ್ಳುತ್ತಾನೆ. ತಮ್ಮನಿಗಾಗಿ ಅಕ್ಕ ತಲೆನೋವನ್ನು ಮುಚ್ಚಿಡುತ್ತಾಳೆ. ಹೊರಡುವ ಮೊದಲೇ, ಊರಿನಲ್ಲಿ ಇರುವಾಗಲೇ, ಒಬ್ಬರು ಇಳಿದರೆ ಇನ್ನೊಬ್ಬರು ಇಳಿಯಬೇಕೋ ಮುಂದುವರಿಯಬೇಕೋ ಎಂಬುದನ್ನು ನಿರ್ಧರಿಸಿ ತಾಯಿಯವರ ಎದುರಿಗೇ ಮಾತು ಕೊಟ್ಟುಕೊಳ್ಳಿ. ಆ ಎತ್ತರದಲ್ಲಿ ಆ ವಿಚಾರ ಮಾಡುವಷ್ಟು ತಿಳಿಯಾದ ಬುದ್ಧಿ ಯಾರಿಗೂ ಉಳಿದಿರುವುದಿಲ್ಲ.

ರಾಣೆಬೆನ್ನೂರಿನ ಅಕ್ಕನವರು ರಾಟ್ರಾಕ್ ವಿಷಯ ಕೇಳಿದ್ದಾರೆ. ಏರುವಾಗ ಅದನ್ನು ಬಳಸಬಾರದೆಂಬ ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಅವರು ಕೊಟ್ಟ ಕಾರಣ ಸರಿಯಾಗಿದೆ. ಆದರೆ ಇಳಿಯುವಾಗ ದಣಿದವರನ್ನೋ ಗಾಯಗೊಂಡವರನ್ನೋ ಬೇಗ ಕೆಳಗೆ ಒಯ್ಯಲು ಅದು ಸಿಗುವಂತಿರುವುದು ಒಳ್ಳೆಯದೇ. ಅದಕ್ಕಾಗಿ ಸ್ವಲ್ಪ ಹಣವನ್ನು ಶಿಖರದ ದಿನ ಜೇಬಿನಲ್ಲಿ ಇಟ್ಟುಕೊಂಡಿರಿ.

ಬೂಟುಗಳ ವಿಷಯ ಬಿಟ್ಟುಹೋಯಿತು. ಎರಡು ಪದರದ ಬೂಟು, ಕ್ರಾಂಪಾನ್, ಹೆಲ್ಮೆಟ್, ದಪ್ಪ ಜಾಕೆಟ್ ಎಲ್ಲವೂ ಅಜಾವು ಮತ್ತು ತೆರ್ಸ್ಕೋಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಇಲ್ಲಿ ಕೊಳ್ಳುವ ಅಗತ್ಯವಿಲ್ಲ. ಆದರೆ ಹೆಂಗಸರ ಚಿಕ್ಕ ಅಳತೆಗಳು ಬೇಗ ಮುಗಿಯುತ್ತವೆ, ಮೊದಲ ದಿನವೇ ಹೋಗಿ, ತಾವು ಒಯ್ದ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹಿಮದ ಮೇಲೆ ಬಿಸಿಲು ಪ್ರತಿಫಲಿಸಿ ಕಣ್ಣು ಸುಡುತ್ತದೆ, ಆದುದರಿಂದ ನಾಲ್ಕನೆಯ ವರ್ಗದ, ಅಂದರೆ ಅತಿ ಗಾಢವಾದ, ಕಪ್ಪು ಕನ್ನಡಕವನ್ನು ಮಾತ್ರ ತಾವೇ ಕೊಂಡುಕೊಂಡು ಹೋಗಿ.

ತರಬೇತಿ ಕಡ್ಡಾಯವೆಂದ ಸಂಸ್ಥೆಗೆ ಈಗ ಮತ್ತೊಮ್ಮೆ ಬರೆಯಿರಿ. ಶಿಖರದ ದಿನ ಎಷ್ಟು ಗೈಡ್‌ಗಳು, ಒಬ್ಬರು ಇಳಿದರೆ ಅವರ ಜೊತೆ ಯಾರು ಇಳಿಯುತ್ತಾರೆ, ಹವಾಮಾನ ಕೆಟ್ಟರೆ ಎಷ್ಟು ದಿನ ಕಾಯುತ್ತಾರೆ, ಗೈಡ್ ಹಿಂದಿರುಗಿಸಿದರೆ ಅದನ್ನು ಸಂಸ್ಥೆ ಪ್ರಶ್ನಿಸುತ್ತದೆಯೇ, ಈ ನಾಲ್ಕನ್ನೇ ಕೇಳಿ. ಬಂದ ಉತ್ತರವನ್ನು ಇಲ್ಲಿ ಹಾಕಿದರೆ, ತಾವು ಹಣ ಕಟ್ಟುವ ಮೊದಲು ನಾವೆಲ್ಲ ಓದಿ ನಮ್ಮ ಅಭಿಪ್ರಾಯ ತಿಳಿಸುತ್ತೇವೆ.